ರಸ್ತೆಯಿಂದ ಇಳಿದ ಕಣ

ಜಗಳೂರಿನಿಂದ ಸೊಕ್ಕೆಗೆ ಹೋಗುವ ರಸ್ತೆಯಲ್ಲಿ ಗೋಣೆಪ್ಪನ ದನಿ ಬೀಳದ ಜಾಗ ಇರಲಿಲ್ಲ. ರಸ್ತೆ ರಿಪೇರಿ ಗ್ಯಾಂಗಿನ ಮೇಸ್ತ್ರಿ ಅವನು. ಖಾಕಿ ಚಡ್ಡಿ, ತಲೆಗೆ ಟವೆಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ. ಸೀಟಿ ಊದುತ್ತಿದ್ದುದು ಅಪರೂಪ, ಅದಕ್ಕಿಂತ ಅವನ ಗಂಟಲೇ ದೂರ ಹೋಗುತ್ತಿತ್ತು. ಎತ್ತಿನ ಗಾಡಿಯವರು ಕಬ್ಬಿಣದ ಪಟ್ಟಿಯ ಚಕ್ರವನ್ನು ಟಾರಿನ ಅಂಚಿಗೆ ಹತ್ತಿಸಿ ಇಳಿಸಿ ಮಾಡಿದರೆ ಗಾಡಿ ನಿಲ್ಲಿಸಿ ಬೈಯುತ್ತಿದ್ದ. ಬಸ್ಸಿನ ಡ್ರೈವರುಗಳು ಅವನನ್ನು ಕಂಡರೆ ತಾವಾಗಿಯೇ ನಿಧಾನ ಮಾಡುತ್ತಿದ್ದರು. ಹೆದರಿಕೆಯಿಂದಲ್ಲ, ಇವನು ನಿಲ್ಲಿಸಿ ಮಾತಿಗೆ ಹತ್ತಿದರೆ ಟೈಮು ಹೋಗುತ್ತದಲ್ಲ ಎಂದು.

ಅವನ ಎಡಗೈಯ ಚರ್ಮ ಮೊಣಕೈಯಿಂದ ಕೆಳಗೆ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಎಪ್ಪತ್ತರ ದಶಕದ ಮೊದಲಲ್ಲಿ ಆ ರಸ್ತೆಗೆ ಟಾರು ಹಾಕುವಾಗ ಅವನಿನ್ನೂ ಕೂಲಿ. ಕುದಿಯುವ ಡ್ರಮ್ಮಿನಿಂದ ಟಾರು ಮೊಗೆಯುವ ಡಬ್ಬದ ಹಿಡಿ ಕಿತ್ತು ಬಂದು ಅಷ್ಟೂ ಕೈಮೇಲೆ ಸುರಿದಿತ್ತು. ಹಣೆಬರಹ ಅಂದರು ಜನ. ಗೋಣೆಪ್ಪ ಒಪ್ಪಲಿಲ್ಲ. ಹಿಡಿಗೆ ಎರಡು ರಿವೆಟ್ ಹೊಡೆದಿದ್ದರೆ ಹಣೆಯಲ್ಲಿ ಏನು ಬರೆದಿದ್ದರೂ ಕೈ ಸುಡುತ್ತಿರಲಿಲ್ಲ ಎಂಬುದು ಅವನ ವಾದ. ಮೇಸ್ತ್ರಿಯಾದ ಮೇಲೆ ಹಿಡಿ ಅಲ್ಲಾಡುವ ಡಬ್ಬ ಕಣ್ಣಿಗೆ ಬಿದ್ದರೆ ಕಲ್ಲಿನಿಂದ ಜಜ್ಜಿ ಎಸೆಯುತ್ತಿದ್ದ. ರಿಪೇರಿಗೆಂದು ಪಕ್ಕಕ್ಕಿಟ್ಟರೆ ನಾಳೆ ಅದೇ ಡಬ್ಬ ಮತ್ತೆ ಕೈಗೆ ಬರುತ್ತದೆ, ಅದಕ್ಕೆ. ಟಾರಿನ ದಿನ ಕಾಲಿಗೆ ನೆನೆಸಿದ ಗೋಣಿತಾಟು ಸುತ್ತಿಕೊಳ್ಳದ ಹೆಂಗಸರನ್ನು ಕೆಲಸಕ್ಕೆ ಬಿಡುತ್ತಿರಲಿಲ್ಲ. ಜಲ್ಲಿ ಒಡೆಯುವವರು ಎದುರುಬದುರು ಕೂರುವಂತಿಲ್ಲ, ಬೆನ್ನು ಕೊಟ್ಟು ಕೂರಬೇಕು. ಒಬ್ಬರ ಸುತ್ತಿಗೆಯ ಚೂರು ಇನ್ನೊಬ್ಬರ ಕಣ್ಣಿಗೆ ಹಾರುತ್ತದೆ. ನನ್ನ ಗ್ಯಾಂಗಿನಲ್ಲಿ ಒಬ್ಬರಿಗೂ ಒಂದು ಬೊಬ್ಬೆ ಎದ್ದಿಲ್ಲ ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ತಟ್ಟಿಕೊಳ್ಳಲಿ, ಮಾತು ನಿಜವೇ ಆಗಿತ್ತು.

ಆದರೆ ಗ್ಯಾಂಗಿನವರು ಮಾತ್ರ ಅವನ ಕೈಕೆಳಗಿದ್ದರು, ಊರಿನವರು ಇರಲಿಲ್ಲ.

ಟಾರು ಬಿದ್ದು ಎರಡು ಮೂರು ಸುಗ್ಗಿ ಕಳೆಯುವಷ್ಟರಲ್ಲಿ ಸೊಕ್ಕೆಯ ರೈತರು ಅದರ ಇನ್ನೊಂದು ಉಪಯೋಗ ಕಂಡುಕೊಂಡಿದ್ದರು. ಮೊದಲು ಮಾಡಿದವನು ಹನುಮಣ್ಣ. ಆ ವರ್ಷ ಅವನ ಒಂದು ಎತ್ತು ಕುಂಟುತ್ತಿತ್ತು, ಕಣದಲ್ಲಿ ಬೆಳೆ ಒಕ್ಕುವ ರೋಣಗಲ್ಲು ಎಳೆಸುವಂತಿರಲಿಲ್ಲ. ಹುರುಳಿ ಬಳ್ಳಿಯನ್ನು ತಂದು ಟಾರಿನ ಮೇಲೆ ಹಾಸಿದ. ಜಗಳೂರಿನ ಬಸ್ಸು ಅದರ ಮೇಲೆ ಹಾದುಹೋಯಿತು. ಬಂದ ಬಸ್ಸೇ ತಿರುಗಿ ಹೋಯಿತು, ನಡುವೆ ನಾಲ್ಕು ಲಾರಿ ಹೋದವು. ಮಧ್ಯಾಹ್ನ ಬಳ್ಳಿ ಎತ್ತಿ ಕೊಡವಿ ನೋಡಿದರೆ ಕಾಳು ಮುತ್ತಿನ ಹಾಗೆ ಉದುರಿ ಬಿದ್ದಿತ್ತು. ಮರುದಿನ ರಸ್ತೆಯ ತುಂಬ ಹುರುಳಿ, ನವಣೆ, ಜೋಳದ ತೆನೆ. ಆಮೇಲಿನ ವರ್ಷಗಳಲ್ಲಿ ಊರಿನ ಹಳೆಯ ಕಣಗಳನ್ನೂ ಉತ್ತು ಬಿತ್ತಿಬಿಟ್ಟರು. ರೋಣಗಲ್ಲುಗಳು ಮನೆ ಮುಂದೆ ಕೂರಲು ಆಸನವಾದವು.

ಒಕ್ಕಣೆ ಟಾರಿಗೆ ಬಂದ ಮೇಲೆ ಜಗಳವೂ ಟಾರಿಗೆ ಬಂತು. ನನ್ನ ಜಾಗ ನಿನ್ನ ಜಾಗ ಎಂದು ಹೆಂಗಸರು ಜುಟ್ಟು ಹಿಡಿಯುವವರೆಗೂ ಹೋದಾಗ ಗೋಣೆಪ್ಪನೇ ಮುಂದೆ ನಿಂತು, ಈ ಮರದಿಂದ ಆ ಮೋರಿಯವರೆಗೆ ನಿನ್ನದು, ಮೋರಿಯಿಂದಾಚೆ ಅವಳದು ಎಂದು ಮನೆ ಮನೆಗೂ ತುಂಡು ಹಂಚಿದ್ದ. ಅವನ ಮನೆಯ ಪಾಲಿಗೆ ಬಂದದ್ದು ಹುಣಸೆಮರದ ತಿರುವು. ಅಲ್ಲಿ ಬಸ್ಸು ನಿಧಾನವಾಗುತ್ತಿತ್ತು, ಕಾಳು ಚೆನ್ನಾಗಿ ಬಿಡುತ್ತಿತ್ತು. ಗಾಡಿಗಳು ಬೆಳೆ ತಪ್ಪಿಸಿ ಪಕ್ಕಕ್ಕೆ ಹೋಗಬಾರದೆಂದು ಜನ ರಸ್ತೆ ಬದಿಯ ಕಲ್ಲಿನ ಗುಡ್ಡೆಯಿಂದ ದಪ್ಪ ಕಲ್ಲು ತಂದು ಬೆಳೆಯ ಅಂಚಿಗೆ ಸಾಲು ಇಡುತ್ತಿದ್ದರು. ಸಂಜೆ ಕಲ್ಲು ಎತ್ತಿಡಬೇಕು ಎಂಬುದು ಗೋಣೆಪ್ಪನ ಕಟ್ಟಪ್ಪಣೆ. ಸುಗ್ಗಿಯ ಮೊದಲ ವಾರ ಎತ್ತಿಡುತ್ತಿದ್ದರು. ಆಮೇಲೆ, ನಾಳೆ ಬೆಳಿಗ್ಗೆ ಮತ್ತೆ ಇಡುವುದೇ ತಾನೆ ಎಂದು ಬಿಟ್ಟು ಹೋಗುತ್ತಿದ್ದರು.

ಎಂಬತ್ತೊಂದರ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ, ಮುಸ್ಸಂಜೆಯ ಹೊತ್ತಿನಲ್ಲಿ, ಪಾತ್ರೆಗೆ ಕಲಾಯಿ ಹಾಕುವ ಲಾಲ್‌ಸಾಬ್ ಸೊಕ್ಕೆಯಲ್ಲಿ ಕೆಲಸ ಮುಗಿಸಿ ಸೈಕಲ್ ಮೇಲೆ ಜಗಳೂರಿಗೆ ಹೊರಟಿದ್ದ. ಹಿಂದೆ ಕ್ಯಾರಿಯರಿನಲ್ಲಿ ತಿದಿ, ಇಕ್ಕಳ, ನವಸಾಗರದ ಡಬ್ಬಿ. ಹುಣಸೆಮರದ ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಅದರ ದೀಪ ಕಣ್ಣಿಗೆ ಹೊಡೆದು ಲಾಲ್‌ಸಾಬ್ ಪಕ್ಕಕ್ಕೆ ಸರಿದ. ಮುಂದಿನ ಚಕ್ರ ಕಲ್ಲಿಗೆ ಬಡಿಯಿತು. ಸೈಕಲ್ ಒಂದು ಕಡೆ, ಅವನು ಒಂದು ಕಡೆ. ಮೊಣಕಾಲಿನ ಕೆಳಗೆ ಮೂಳೆ ಮುರಿದು ಕಾಲು ಇರಬಾರದ ರೀತಿಯಲ್ಲಿ ಹೊರಳಿಕೊಂಡಿತ್ತು.

ಗೋಣೆಪ್ಪ ಕೆಲಸದಿಂದ ಬರುತ್ತಿದ್ದವನು ಓಡಿಹೋಗಿ, ಕಾಲಿಗೆ ಎರಡು ಹುಣಸೆ ಕಡ್ಡಿ ಕೊಟ್ಟು ತನ್ನ ಟವೆಲಿನಿಂದ ಕಟ್ಟಿ, ಬರುವ ಬಸ್ಸನ್ನು ಅಡ್ಡ ನಿಂತು ನಿಲ್ಲಿಸಿ, ಹಿಂದಿನ ಉದ್ದ ಸೀಟಿನಲ್ಲಿ ಲಾಲ್‌ಸಾಬ್‌ನನ್ನು ಮಲಗಿಸಿದ. ಬಸ್ಸು ಹೊರಡುವ ಮೊದಲು ಮರದ ಕೆಳಗೆ ಜನ ಸೇರಿತ್ತು. ಲಾಲ್‌ಸಾಬ್‌ಗೆ ಕಣ್ಣು ಮಂಜು ಎಂದು ಒಬ್ಬರು. ದೀಪ ಇಲ್ಲದ ಸೈಕಲ್ ಎಂದು ಇನ್ನೊಬ್ಬರು. ಹನುಮಣ್ಣ ಗಂಟಲು ಸರಿಮಾಡಿಕೊಂಡು, ಕಲ್ಲು ಯಾವುದೋ ಲಾರಿಯಿಂದ ಉದುರಿರಬೇಕು ಅಂದ. ಎಲ್ಲರಿಗೂ ಆ ಮಾತು ಹಿಡಿಸಿತು. ಗೋಣೆಪ್ಪ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವರ ಕಡೆ ತಿರುಗಿದ.

"ಲಾರಿದಲ್ಲ ಕಣೋ. ಈ ತಿರುವು ಯಾರ ಪಾಲು ಅಂತ ಹಂಚಿದೋನು ನಾನೇ. ಅದು ನಮ್ಮನೆ ಕಲ್ಲು."

ಆಸ್ಪತ್ರೆಯಲ್ಲಿ ಲಾಲ್‌ಸಾಬ್‌ಗೆ ಕಟ್ಟು ಹಾಕಿಸಿ ಊರಿಗೆ ಬಂದಾಗ ಹೆಂಡತಿ ಕಾಟಮ್ಮ ಒಲೆಯ ಮುಂದೆ ಕೂತಿದ್ದಳು. ಸುದ್ದಿ ಅವಳಿಗೆ ಮುಟ್ಟಿತ್ತು. ಬಳ್ಳಿ ಎತ್ತಿಕೊಂಡು ಬರುವಾಗ ತಲೆಮೇಲೆ ಹೊರೆ ಇತ್ತು, ಕಲ್ಲಿಗೆ ಬಗ್ಗುವಂತಿರಲಿಲ್ಲ, ಇಳಿಸಿ ಮತ್ತೆ ಬರೋಣ ಅಂದುಕೊಂಡು ಮರೆತೆ ಎಂದು ಅವಳೇ ಹೇಳಿದಳು. ಗೋಣೆಪ್ಪ ಕೂಗಾಡಿದ. ಅವಳು ಸಾರು ತಿರುವುತ್ತಲೇ ಇದ್ದಳು. ನಾಳೆಯಿಂದ ಒಂದು ಎಳೆ ಬಳ್ಳಿಯೂ ರಸ್ತೆಗೆ ಬೀಳಬಾರದು ಎಂದು ಅವನು ಅಂದಾಗ ಮಾತ್ರ ಸೌಟು ಕೆಳಗಿಟ್ಟಳು.

"ಆತು, ಹಾಕಲ್ಲ. ಎಲ್ಲಿ ಒಕ್ಕಲಿ? ಎತ್ತು ಮಾರಿದೋರು ನೀವು. ಕಣ ಉತ್ತು ಜೋಳ ಬಿತ್ತಿದೋರೂ ನೀವೇ. ರಸ್ತೆ ಬ್ಯಾಡ ಅನ್ನಾಕೆ ಬಾಯಿ ಸಾಕು, ಕಣ ಮಾಡಾಕೆ ಜಾಗ ಬೇಕು. ಜಾಗ ತೋರ್ಸಿ, ಆಮೇಲೆ ಕೂಗ್ರಿ."

ಮಾತಿನಲ್ಲಿ ಸೋತಾಗ ಗೋಣೆಪ್ಪನ ಸಿಟ್ಟು ಇನ್ನೂ ಏರುತ್ತಿತ್ತು. ಮರುದಿನ ಬೆಳಿಗ್ಗೆಯೇ ರಸ್ತೆಗೆ ಹೋಗಿ, ಹಾಸಿದ್ದ ಬೆಳೆಯನ್ನೆಲ್ಲ ಸಲಿಕೆಯಿಂದ ಚರಂಡಿಗೆ ತಳ್ಳತೊಡಗಿದ. ಹೆಂಗಸರು ಶಾಪ ಹಾಕಿದರು. ಅವನು ಊರ ಕಡೆಯ ತುದಿಯಲ್ಲಿ ತಳ್ಳುತ್ತಿದ್ದರೆ ಜಗಳೂರಿನ ಕಡೆಯ ತುದಿಯಲ್ಲಿ ಹಾಸುತ್ತಿದ್ದರು. ಅಲ್ಲಿಗೆ ಓಡಿದರೆ ಇಲ್ಲಿ. ಮೇಸ್ತ್ರಿಗೆ ಕೋಳಿ ಕಾಯೋ ಕೆಲಸ ಸಿಕ್ಕೈತೆ ಎಂದು ಬಸ್ಸಿನ ಕಂಡಕ್ಟರು ಕಿಟಕಿಯಿಂದ ನಗೆ ಮಾಡಿ ಹೋದ. ಮೂರನೆಯ ದಿನ ಗ್ಯಾಂಗಿನ ಆಳುಗಳೇ ಕೆಲಸಕ್ಕೆ ಬರಲಿಲ್ಲ. ಅವರ ಮನೆಯ ಹುರುಳಿಯೂ ಚರಂಡಿಗೆ ಬಿದ್ದಿತ್ತಲ್ಲ.

ಆ ವಾರ ಸಂತೆಗೆ ಹೋದವನು ಲಾಲ್‌ಸಾಬ್‌ನ ಮನೆಗೆ ಹೋದ. ಲಾಲ್‌ಸಾಬ್ ಕಾಲು ಚಾಚಿ ಗೋಡೆಗೆ ಒರಗಿದ್ದ. ಅವನ ಹೆಂಡತಿ ಗುಲ್ಜಾರ್‌ಬೀ ಹರಿದ ತಿದಿಯ ಚರ್ಮಕ್ಕೆ ಹೊಲಿಗೆ ಹಾಕುತ್ತಿದ್ದಳು. ಮೂಲೆಯಲ್ಲಿ ಅವಳ ತಮ್ಮ, ಲಾರಿ ಓಡಿಸುವ ಗೌಸ್‌ಪೀರ್, ಚಹಾ ಕುಡಿಯುತ್ತ ಕೂತಿದ್ದ. ಗೋಣೆಪ್ಪ ತಾನು ಊರಿನವರಿಗೆ ಹೇಗೆ ಬುದ್ಧಿ ಕಲಿಸುತ್ತಿದ್ದೇನೆ ಎಂಬುದನ್ನು ಕೈ ಬೀಸಿ ಬೀಸಿ ವರ್ಣಿಸಿದ. ಗುಲ್ಜಾರ್‌ಬೀ ಸೂಜಿಯಿಂದ ಕಣ್ಣೆತ್ತದೆ ಕೇಳಿದಳು.

"ಹೌದೇನ್ರೀ. ಇಷ್ಟು ಸಿಟ್ಟು ಮಾಡಿ ಎಷ್ಟು ಕಲ್ಲು ಎತ್ಸಿದ್ರಿ?"

ಬೀಸುತ್ತಿದ್ದ ಕೈಯನ್ನು ಗೋಣೆಪ್ಪ ಕೆಳಗಿಳಿಸಿದ. ಒಂದೂ ಇಲ್ಲ. ಬೆಳೆ ತಳ್ಳುವ ಭರದಲ್ಲಿ ಕಲ್ಲಿನ ಕಡೆ ಅವನೂ ನೋಡಿರಲಿಲ್ಲ.

ಗೌಸ್‌ಪೀರ್‌ಗೆ ನಗು ತಡೆಯಲಾಗಲಿಲ್ಲ. ಆದರೆ ಅವನಿಗೂ ಆ ರಸ್ತೆಯ ಮೇಲೆ ದೂರಿತ್ತು. ಹೋದ ಸುಗ್ಗಿಯಲ್ಲಿ ಹುರುಳಿ ಬಳ್ಳಿ ಲಾರಿಯ ಅಡಿಯ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಂಡು, ಸೈಲೆನ್ಸರಿನ ಕಾವಿಗೆ ಹೊಗೆಯಾಡಿತ್ತು. ಕ್ಲೀನರು ಕೆಳಗೆ ತೂರಿ ಕೈಯಿಂದ ಕಿತ್ತು ಹಾಕಿದ್ದಕ್ಕೆ ಲಾರಿ ಉಳಿಯಿತು. ಜೋರಾಗಿ ಓಡುವಾಗಲೇ ಅದು ಸುತ್ತಿಕೊಳ್ಳುವುದು, ನಿಧಾನ ಓಡಿಸಿದರೆ ಏನೂ ಆಗುವುದಿಲ್ಲ ಎಂದ. ಮತ್ತೆ ಅವನೇ, ಗಟ್ಟಿ ನೆಲ ಇದ್ದರೆ ತಾನು ಬಾಡಿಗೆ ಇಲ್ಲದ ದಿನ ಬಂದು ಬೆಳೆ ತುಳಿಸಿಕೊಡುತ್ತೇನೆ, ಮನೆಗೊಂದು ಮೊರ ಕಾಳು ಕೊಡಲಿ ಎಂದ. ಲಾಲ್‌ಸಾಬ್ ಮಾತ್ರ, ಆ ಕಲ್ಲುಗಳನ್ನು ಮೊದಲು ತೆಗೆಸಿ, ನನ್ನ ಹಾಗೆ ಇನ್ನೊಬ್ಬ ಮಲಗಬಾರದು ಎಂದಷ್ಟೇ ಹೇಳಿದ.

ಗೋಣೆಪ್ಪ ಬಸ್ಸಿಗೆ ಕಾಯದೆ ನಡೆದೇ ಹೊರಟ. ದಾರಿಯಲ್ಲಿ ಸಿಕ್ಕ ಒಂದೊಂದು ಕಲ್ಲನ್ನೂ ಎತ್ತಿ ಚರಂಡಿಯಾಚೆ ಎಸೆಯುತ್ತ, ನೆಲ ನೋಡುತ್ತ ನಡೆದ. ಊರಿಗೆ ಹತ್ತಿರದಲ್ಲಿ, ಗ್ಯಾಂಗಿನವರು ರಸ್ತೆಗೆಂದು ಗರಸು ಮಣ್ಣು ತೆಗೆದ ಗೋಮಾಳ ರಸ್ತೆಗೆ ಅಂಟಿಕೊಂಡೇ ಇತ್ತು. ಮೇಲ್ಮಣ್ಣು ಹೋಗಿ ಸಮತಟ್ಟಾಗಿತ್ತು. ರಸ್ತೆಗೆ ತೇಪೆ ಹಾಕಲು ಬಂದಿದ್ದ ರೋಲರನ್ನು ಅಲ್ಲಿಯೇ ನಿಲ್ಲಿಸುತ್ತಿದ್ದರು. ರೋಲರ್ ಓಡಿಸುವ ಚಿತ್ತಪ್ಪನನ್ನು ಹಿಡಿದು ಗೋಣೆಪ್ಪ ಒಂದು ಪ್ರಶ್ನೆ ಕೇಳಿದ: ಇಷ್ಟು ತೂಕದ ರೋಲರ್ ನಿಲ್ಲಿಸಬೇಕಾದರೆ ನೆಲ ಗಟ್ಟಿ ಇರಬೇಕೋ ಬೇಡವೋ? ಚಿತ್ತಪ್ಪ ತಲೆ ಕೆರೆದುಕೊಂಡು, ಇರಬೇಕು ಅಂದ. ಹಾಗಾದರೆ ದಿನಾ ಕೆಲಸಕ್ಕೆ ಹೋಗುವಾಗ ಬರುವಾಗ ಆ ನೆಲದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಎರಡು ಸಲ ಓಡಿಸಿ ನಿಲ್ಲಿಸು, ಯಾರಾದರೂ ಕೇಳಿದರೆ ನನ್ನ ಕಡೆ ಕೈ ತೋರಿಸು ಎಂದ. ಕಣಕ್ಕೆ ನೆಲ ಗಟ್ಟಿಯಾಯಿತು, ಆದರೆ ಹೆಂಗಸರು ಸಗಣಿ ತಂದು ಸಾರಿಸಲಿಲ್ಲ. ಅವನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಕಾಟಮ್ಮ ಒಬ್ಬಳೇ ಬುಟ್ಟಿ ಹೊತ್ತು ಬಂದಳು. ಗಂಡನ ಕಡೆ ನೋಡದೆ ಸಾರಿಸಲು ಕೂತಳು. ಅವಳು ಕೂತದ್ದು ನೋಡಿ ಪಕ್ಕದ ಮನೆಯವರು ಇಬ್ಬರು ಬಂದರು.

ಊರವರಿಗೆ ಒಂದೇ ಅನುಮಾನ. ಲಾರಿ ಚಕ್ರದಡಿ ಕಾಳು ಮಣ್ಣಿಗೆ ಇಳಿದುಹೋದರೆ? ಅದಕ್ಕೆ ಕಾಟಮ್ಮ, ಮೊದಲು ನನ್ನದೇ ಹಾಕಿ, ಹೋದರೆ ನಮ್ಮನೆಯದು ಹೋಗಲಿ ಎಂದಳು. ಆ ವರ್ಷ ಅವರ ಮನೆಗೆ ಬಂದ ಹುರುಳಿಯೇ ಅಷ್ಟು, ಹೋದರೆ ಬೇರೆ ಇರಲಿಲ್ಲ. ಎಲ್ಲವನ್ನೂ ಹೊತ್ತು ತಂದು ಹಾಸಿದಳು.

ಗೌಸ್‌ಪೀರ್ ಹೇಳಿದ ದಿನಕ್ಕೆ ಖಾಲಿ ಲಾರಿ ತಂದ. ಗೋಣೆಪ್ಪ ಕಣದ ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿಸಿ, ಗ್ಯಾಂಗಿಗೆ ಹೇಳುವ ಹಾಗೆ ಎಲ್ಲರಿಗೂ ಹೇಳಿದ. ಕೆಂಪು ಬಾವುಟ ಎತ್ತಿದರೆ ಲಾರಿ ಓಡುತ್ತದೆ, ಹಗ್ಗದೊಳಗೆ ಒಂದು ನೊಣವೂ ಇರಬಾರದು. ಸೀಟಿ ಊದಿದರೆ ಲಾರಿ ನಿಲ್ಲುತ್ತದೆ, ಆಗ ಹೆಂಗಸರು ಒಳಗೆ ಹೋಗಿ ಕವೆಗೋಲಿನಿಂದ ಬಳ್ಳಿ ಮಗುಚಬೇಕು. ಕಾಟಮ್ಮನ ಹುರುಳಿ ಅಡ್ಡಿಯಿಲ್ಲದೆ ಮುಗಿಯಿತು. ಕಾಳು ಒಂದೂ ಮಣ್ಣಿಗೆ ಇಳಿದಿರಲಿಲ್ಲ. ಟಾರಿನ ಮೇಲೆ ಸಿಗುವ ಡೀಸೆಲ್ ವಾಸನೆಯೂ ಇಲ್ಲ ಎಂದು ಮುದುಕಿಯರು ಕಾಳನ್ನು ಮೂಗಿಗೆ ಹಿಡಿದು ನೋಡಿ ಹೇಳಿದರು. ಆಮೇಲೆ ನೂಕುನುಗ್ಗಲು. ಹನುಮಣ್ಣ ತನ್ನದನ್ನೇ ಮುಂದೆ ಹಾಸಿದ.

ಎಡವಟ್ಟಾದದ್ದು ಅಲ್ಲಿ. ಕಣದ ಒಂದು ಮೂಲೆ ಕಿರಿದಾಗಿತ್ತು, ಲಾರಿ ಅಲ್ಲಿ ಹಿಂದೆ ಬಂದು ತಿರುಗಬೇಕಿತ್ತು. ಅದೇ ಹೊತ್ತಿಗೆ ರಸ್ತೆಯ ಮೇಲೆ ಯಾವನೋ ಗಾಡಿಯವನು ಚಕ್ರವನ್ನು ಟಾರಿನ ಅಂಚಿಗೆ ಹತ್ತಿಸಿ ಇಳಿಸಿಕೊಂಡು ಬಂದ. ಗೋಣೆಪ್ಪನ ನೆತ್ತಿಗೆ ರಕ್ತ ಏರಿತು. ಬಾವುಟವನ್ನು ಗೂಟಕ್ಕೆ ಸಿಕ್ಕಿಸಿ ರಸ್ತೆಗೆ ಓಡಿ ಅವನನ್ನು ತರಾಟೆಗೆ ತೆಗೆದುಕೊಂಡ. ಇತ್ತ ಹನುಮಣ್ಣನಿಗೆ ಆ ಮೂಲೆಯಲ್ಲಿ ಚಕ್ರ ತಾಗದ ಒಂದು ಹಸಿ ಗುಪ್ಪೆ ಕಂಡಿತು. ಆರೇಳು ಸುಗ್ಗಿ ಅವನು ಮಾಡಿದ್ದೇ ಅದು: ಒಂದು ಬಸ್ಸು ಹೋಗಿ ಇನ್ನೊಂದು ಬರುವಷ್ಟರಲ್ಲಿ ನುಗ್ಗುವುದು, ಮಗುಚುವುದು, ಹಾರಿ ಈಚೆ ಬರುವುದು. ಲಾರಿಯ ಮೂತಿ ಆಚೆ ಇದ್ದುದರಿಂದ ಅದು ಮುಂದೆ ಹೋಯಿತು ಎಂದೇ ತಿಳಿದ. ಹಗ್ಗ ದಾಟಿ ಲಾರಿಯ ಹಿಂದೆ ಬಗ್ಗಿ ನಿಂತ.

ಲಾರಿ ಹಿಂದೆ ಬರುತ್ತಿತ್ತು.

ಕೂಗಿದರೆ ಇಂಜಿನ್ನಿನ ಸದ್ದಿಗೆ ಕೇಳುವುದಿಲ್ಲ ಎಂದು ಕಾಟಮ್ಮನಿಗೆ ಹೊಳೆಯಿತು. ಕೂಗಲಿಲ್ಲ. ಹಗ್ಗದ ಹೊರಗಿನಿಂದಲೇ ಡ್ರೈವರ್ ಬಾಗಿಲಿನ ಕಡೆಗೆ ಓಡಿ, ಉದ್ದದ ಕವೆಗೋಲಿನಿಂದ ಬಾಗಿಲಿನ ತಗಡಿಗೆ ಬೀಸಿ ಹೊಡೆದಳು. ಗೌಸ್‌ಪೀರ್ ಬೆಚ್ಚಿ ಬ್ರೇಕ್ ತುಳಿದ. ಹಿಂದಿನ ಚಕ್ರ ಹನುಮಣ್ಣನ ಕವೆಗೋಲನ್ನು ಲಟಕ್ಕನೆ ಮುರಿದು, ಅವನ ಹಿಮ್ಮಡಿಗೆ ಗೇಣು ದೂರದಲ್ಲಿ ನಿಂತಿತು. ಹನುಮಣ್ಣ ಅಲ್ಲಿಯೇ ಹುರುಳಿಯ ಮೇಲೆ ಕೂತುಬಿಟ್ಟ.

ಗೋಣೆಪ್ಪ ಓಡಿ ಬಂದ. ಹನುಮಣ್ಣನನ್ನು ಬೈಯಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ಅಷ್ಟರಲ್ಲಿ ಹಿಂದೆ ಗುಸುಗುಸು ಎದ್ದಿತ್ತು. ಇದಕ್ಕಿಂತ ರಸ್ತೆಯೇ ವಾಸಿ, ಬಸ್ಸು ಹಿಂದಕ್ಕಂತೂ ಬರಲ್ಲ ಎಂದು ಒಬ್ಬ. ನಾಳೆಯಿಂದ ನಮ್ಮ ನಮ್ಮ ತುಂಡಿಗೇ ಹೋಗೋಣ ಎಂದು ಇನ್ನೊಬ್ಬ. ಒಂದಿಬ್ಬರು ಬಳ್ಳಿಯ ಹೊರೆಯನ್ನು ತಲೆಗೆ ಎತ್ತಿಕೊಳ್ಳತೊಡಗಿದರು. ಅವರು ಹೋದರೆ ಊರೇ ಹೋಗುತ್ತದೆ, ಕಲ್ಲುಗಳು ಮತ್ತೆ ರಸ್ತೆಗೆ ಬರುತ್ತವೆ ಎಂಬುದು ಗೋಣೆಪ್ಪನಿಗೆ ಗೊತ್ತಿತ್ತು. ಕಾಟಮ್ಮ ಅಡ್ಡ ನಿಂತಳು.

"ಹೋಗ್ರಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ಒಂದು ಕೇಳ್ತೀನಿ. ರಸ್ತೆ ಮ್ಯಾಲೆ ನಾನು ಬಡಿದ್ರೆ ಬಸ್ಸು ನಿಲ್ತೈತಾ? ಇಲ್ಲಿ ನಿಂತ್ಕಂತು. ಅಲ್ಲಿ ಓಡ್ಸೋನು ನಮ್ಮ ಮಾತು ಕೇಳಲ್ಲ, ಇಲ್ಲಿ ಕೇಳ್ತಾನೆ. ಅಷ್ಟೇ ಫರಕು. ಆ ಫರಕಿಗೇ ಹನುಮಣ್ಣ ಎದ್ದು ಕುಂತಾನೆ, ಲಾಲ್‌ಸಾಬಣ್ಣ ಮಲಗ್ಯಾನೆ."

ಆಮೇಲೆ ಗಂಡನ ಕಡೆ ತಿರುಗಿದಳು. "ಬಾವುಟ ಹಿಡಿದೋರು ಬಾವುಟ ಬಿಟ್ಟು ಜಗಳಕ್ಕೆ ಹೋಗಂಗಿಲ್ಲ. ನಿಮಗೆ ಆಗಲ್ಲ. ಸೀಟಿ ಇತ್ಲಾಗೆ ಕೊಡ್ರಿ."

ಇಷ್ಟು ಜನರ ಮುಂದೆ ಹೆಂಡತಿಯಿಂದ ಆ ಮಾತು ಕೇಳಿದವನು ಬೇರೆ ದಿನವಾಗಿದ್ದರೆ ಏನು ಮಾಡುತ್ತಿದ್ದನೋ. ಆದರೆ ಡಬ್ಬದ ಹಿಡಿಗೆ ರಿವೆಟ್ ಹೊಡೆಯದವನನ್ನು ಇಷ್ಟು ವರ್ಷ ಬೈದುಕೊಂಡು ಬಂದವನು ಅವನು. ಇವತ್ತು ರಿವೆಟ್ ಸಡಿಲವಿದ್ದದ್ದು ತನ್ನಲ್ಲೇ ಎಂದು ಅವನಿಗೆ ಅರ್ಥವಾಗಿತ್ತು. ದಾರ ಕೊರಳಿಂದ ತೆಗೆದು ಕೊಟ್ಟ.

ಕಾಟಮ್ಮ ಅಂದೇ ಎರಡು ಕಟ್ಟಳೆ ಮಾಡಿದಳು. ಬಾವುಟ ಹಿಡಿದವರ ಕೈಗೆ ಬೇರೆ ಕೆಲಸ ಇರಬಾರದು, ಮಗು ಅತ್ತರೂ ಇನ್ನೊಬ್ಬರು ಎತ್ತಿಕೊಳ್ಳಬೇಕು. ಲಾರಿ ಹಿಂದೆ ಬರುವ ಮಾತೇ ಬೇಡ, ಮೂಲೆಯನ್ನು ಅಗಲ ಮಾಡಿ. ಗೌಸ್‌ಪೀರ್ ತಗಡು ತಗ್ಗಾದ ಬಾಗಿಲನ್ನು ಸವರಿಕೊಂಡು, ಅಕ್ಕಾ, ಮುಂದಿನ ಸಲ ಸ್ವಲ್ಪ ಮೆಲ್ಲಗೆ ಹೊಡೀರಿ ಅಂದ. ಎಲ್ಲರೂ ನಕ್ಕರು. ತಲೆಗೆ ಏರಿದ್ದ ಹೊರೆಗಳು ಕೆಳಗಿಳಿದವು. ಹನುಮಣ್ಣನೇ ಎದ್ದು ಸಲಿಕೆ ತಗೊಂಡು ಆ ಮೂಲೆಯನ್ನು ಕಡಿಯಲು ನಿಂತ.

ಆ ಸಂಜೆ ಕಾಟಮ್ಮ ಊರ ಹೆಂಗಸರನ್ನೆಲ್ಲ ಬುಟ್ಟಿ ಹೊರಿಸಿಕೊಂಡು ರಸ್ತೆಗೆ ಹೊರಟಳು. ಗೋಣೆಪ್ಪ ಚರಂಡಿಯಾಚೆ ಎಸೆದಿದ್ದ ಕಲ್ಲನ್ನೆಲ್ಲ, ಅವರವರ ತುಂಡಿನದು ಅವರವರೇ ಹೊತ್ತು ಗುಡ್ಡೆಗೆ ಹಾಕಿದರು. ಹೊರುತ್ತ ಒಬ್ಬರನ್ನೊಬ್ಬರು ಗೇಲಿ ಮಾಡಿಕೊಂಡರು: ನಿನ್ನ ಮನೆಯಲ್ಲಿ ಕಾಳಿಗಿಂತ ಕಲ್ಲೇ ಜಾಸ್ತಿ ಬೆಳೆದೈತೆ ನೋಡು ಎಂದು. ಲಾಲ್‌ಸಾಬ್‌ನ ಕಾಲು ಕೂಡಿಕೊಳ್ಳುವವರೆಗೆ ಮನೆಗಿಷ್ಟು ಎಂದು ಕಾಳು ಕೂಡಿಸಿ ಗೌಸ್‌ಪೀರ್‌ನ ಲಾರಿಯಲ್ಲಿ ಕಳಿಸಿದರು. ಕಾಲು ಕೂಡಿತು, ಆದರೆ ನೆಟ್ಟಗಾಗಲಿಲ್ಲ. ಅವನು ಸೈಕಲ್ ಬಿಟ್ಟು ಬಸ್ಸಿಗೆ ಬರತೊಡಗಿದ. ಅವನು ಕುಂಟುತ್ತ ಬಸ್ಸಿಳಿಯುವುದನ್ನು ಕಂಡಾಗ ಕಾಟಮ್ಮ ಮನೆಯೊಳಗಿನ ಪಾತ್ರೆಯನ್ನೆಲ್ಲ, ಕಲಾಯಿ ಇದ್ದದ್ದನ್ನೂ, ತಂದು ಅವನ ಮುಂದಿಡುತ್ತಿದ್ದಳು.

ಅಲ್ಲಿಂದ ಪ್ರತಿ ಸುಗ್ಗಿಯೂ ಸೊಕ್ಕೆಯ ಬೆಳೆ ಗೋಮಾಳದ ಕಣಕ್ಕೇ ಬಂತು. ಕೆಲವು ವರ್ಷದ ಮೇಲೆ ಲಾರಿಯ ಜಾಗಕ್ಕೆ ಟ್ರ್ಯಾಕ್ಟರು ಬಂತು. ಅದನ್ನು ಓಡಿಸುವ ಹುಡುಗರಿಗೂ ಕಾಟಮ್ಮನ ಸೀಟಿಯೆಂದರೆ ಭಯ.

ಎಂಬತ್ತಾರರಲ್ಲಿ ಮಗಳು ಚೌಡಮ್ಮನನ್ನು ನ್ಯಾಮತಿಗೆ ಕೊಟ್ಟರು. ಮೊದಲ ಸಲ ಮಗಳ ಮನೆಗೆ ಹೋಗುವಾಗ, ನ್ಯಾಮತಿ ಇನ್ನೂ ಸ್ವಲ್ಪ ದೂರ ಇರುವಂತೆ, ಬಸ್ಸಿನ ಕೆಳಗೆ ಸರಸರ ಸದ್ದಾಯಿತು. ಗೋಣೆಪ್ಪ ಕಿಟಕಿಯಿಂದ ಬಗ್ಗಿ ನೋಡಿದ. ರಸ್ತೆಯ ತುಂಬ ಜೋಳದ ತೆನೆ, ಅಂಚಿಗೆ ಕಲ್ಲಿನ ಸಾಲು, ಕವೆಗೋಲು ಹಿಡಿದ ಹೆಂಗಸರು. ಅವನು ಕೂಗಿದ ಕೂಗಿಗೆ ಡ್ರೈವರ್ ಬಸ್ಸು ನಿಲ್ಲಿಸಿಯೇಬಿಟ್ಟ. ಗೋಣೆಪ್ಪ ಗಂಟಿನ ಸಮೇತ ಇಳಿದ. ಬಸ್ಸು ಅವನನ್ನು ಬಿಟ್ಟು ಹೋಯಿತು. ಹೆಂಗಸರು ಅವನನ್ನು ಮೇಲಿಂದ ಕೆಳಗೆ ನೋಡಿ, ನಮ್ಮೂರ ರಸ್ತೆ ಕೇಳಾಕೆ ನೀವ್ಯಾರ್ರೀ ಅಂದರು. ಬಾಯಿತುಂಬ ಬೈಗುಳ ಬಂದಿತ್ತು, ಅರ್ಧ ಹೊರಗೂ ಬಿತ್ತು. ಉಳಿದರ್ಧ ನುಂಗಿಕೊಂಡು ಗಂಟು ಕೆಳಗಿಟ್ಟ. ಒಂದು ಕಲ್ಲನ್ನು ಎತ್ತಿ ರಸ್ತೆಯಾಚೆ ಇಟ್ಟು ಬಂದು, ಈ ಊರಿನ ಗೋಮಾಳ ಎಲ್ಲೈತೆ, ಟ್ರ್ಯಾಕ್ಟರು ಯಾರ ಮನೆಯಲ್ಲೈತೆ ಎಂದು ವಿಚಾರಿಸತೊಡಗಿದ.

ಮಗಳ ಮನೆ ಮುಟ್ಟುವಷ್ಟರಲ್ಲಿ ಮಾಡಿಟ್ಟ ಅಡುಗೆ ಆರಿಹೋಗಿತ್ತು. ಚೌಡಮ್ಮ ಮುನಿಸಿಕೊಂಡಳು. ಅವನು ತಣ್ಣಗಿದ್ದದ್ದನ್ನೇ ಗಬಗಬ ಉಂಡು, ಅಳಿಯನನ್ನು ಎಬ್ಬಿಸಿಕೊಂಡು ನೆಲ ನೋಡಲು ಹೊರಟ.